ಪಾಸ್‌ವರ್ಡಿನಲ್ಲಿಟ್ಟ ಸಾರಿನ ಪುಡಿ

ಮನುಷ್ಯರಾಗಿ ಹುಟ್ಟಿದ ಮೇಲೆ ಇನ್ನೊಬ್ಬರನ್ನು ಬೈದುಕೊಳ್ಳಲು ಎಲ್ಲರಿಗೂ ಒಂದು ಜಾಗ ಬೇಕು ಎಂದು ನಾನು ಬಹಳ ಹಿಂದಿನಿಂದ ನಂಬಿದ್ದೇನೆ. ನಮ್ಮಮ್ಮನಿಗೆ ಅದು ಬಟ್ಟೆ ಒಗೆಯುವ ಕಲ್ಲು. ಒಂದೊಂದು ಬಟ್ಟೆಗೆ ಒಬ್ಬೊಬ್ಬ ನೆಂಟರ ಸರದಿ ಬರುತ್ತಿತ್ತು. ದೊಡ್ಡತ್ತೆಯ ಪಾಲಿಗೆ ಯಾವಾಗಲೂ ಜಮಖಾನವೇ ಬೀಳುತ್ತಿತ್ತು. ಒಗೆದು, ಹಿಂಡಿ, ಹರವಿದ ಮೇಲೆ ಅಮ್ಮನ ಮುಖ ತಿಳಿಯಾಗಿಬಿಡುತ್ತಿತ್ತು. ಅದೇ ದೊಡ್ಡತ್ತೆ ಸಂಜೆ ಮನೆಗೆ ಬಂದರೆ ಕಾಫಿಗೆ ಡಿಕಾಕ್ಷನ್ ಒಂದು ಕೈ ಹೆಚ್ಚಾಗಿಯೇ ಬೀಳುತ್ತಿತ್ತು. ನಮ್ಮ ಯಜಮಾನರಿಗೆ ಆ ಜಾಗ ದಿನಪತ್ರಿಕೆ. ಅಂಚೆ ಇಲಾಖೆಯಿಂದ ನಿವೃತ್ತರಾದ ಮೇಲೆ ವಿದ್ಯಾರಣ್ಯಪುರಂನ ನಮ್ಮ ಮನೆಯ ಮುಂದೆ ಕುರ್ಚಿ ಹಾಕಿಕೊಂಡು, ತಾವು ಎಂದೂ ಕಣ್ಣಾರೆ ಕಾಣದ ಮಂತ್ರಿಗಳನ್ನೆಲ್ಲ ಹೆಸರು ಹಿಡಿದು ವಿಚಾರಿಸಿಕೊಳ್ಳುತ್ತಾರೆ. ನನಗೋ, ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಪತ್ರಿಕೆ ಓದುವಷ್ಟು ಪುರುಸೊತ್ತಿಲ್ಲ. ಹಾಗಾಗಿ ಬೇರೆ ಜಾಗ ಹುಡುಕಿಕೊಳ್ಳಬೇಕಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ನಾನು ಬೈಯುತ್ತಿದ್ದುದು ಕಂಪ್ಯೂಟರಿನ ಪಾಸ್‌ವರ್ಡ್ ಹಾಕುವ ಜಾಗದಲ್ಲಿ.

ಹಿನಕಲ್ ದಾಟಿ ಹುಣಸೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಸಿಗುವ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ನಾನು ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಬ್ಯಾಗು ಇಟ್ಟು, ಸೆರಗು ಸಿಕ್ಕಿಸಿ, ಮೊದಲು ಮಾಡಬೇಕಾದ ಕೆಲಸವೆಂದರೆ ಲಾಗಿನ್. ಪಾಸ್‌ವರ್ಡ್ ಹಾಕದೆ ಒಂದು ಹಾಲ್ ಟಿಕೆಟ್ಟನ್ನೂ ಮುಟ್ಟುವ ಹಾಗಿಲ್ಲ. ಆ ಪಾಸ್‌ವರ್ಡಿಗೆ ಇರುವಷ್ಟು ನೇಮನಿಷ್ಠೆ ನಮ್ಮಜ್ಜಿಯ ಏಕಾದಶಿಗೂ ಇರಲಿಲ್ಲ. ಒಂದು ಅಕ್ಷರ ದೊಡ್ಡದಿರಬೇಕು, ಅಂಕಿ ಇರಬೇಕು, ಒಂದು ಚಿಹ್ನೆ ಇರಬೇಕು, ಗಿಡ್ಡ ಇರಬಾರದು, ಯಾರೂ ಊಹಿಸುವಂತಿರಬಾರದು. ಇಷ್ಟೆಲ್ಲ ಮಡಿ ಮಾಡಿ ಒಂದನ್ನು ಬಾಯಿಪಾಠ ಮಾಡಿಕೊಳ್ಳುವಷ್ಟರಲ್ಲಿ, ಇದರ ಅವಧಿ ಮುಗಿಯಿತು, ಹೊಸದು ಕೊಡಿ ಎಂದು ಪರದೆ ಕೇಳುತ್ತದೆ. ಮೊದಮೊದಲು ದೇವರುಗಳನ್ನು ಬಳಸಿದೆ. ಚಾಮುಂಡೇಶ್ವರಿ, ನಂಜುಂಡೇಶ್ವರ ಎಲ್ಲ ಆದ ಮೇಲೆ ಮಕ್ಕಳ ಹೆಸರು, ಆಮೇಲೆ ಯಜಮಾನರದು. ಯಜಮಾನರ ಹೆಸರು ಹಾಕಿದಾಗ ಕೆಳಗೆ ಕೆಂಪು ಅಕ್ಷರದಲ್ಲಿ ‘ದುರ್ಬಲ’ ಎಂದು ಬಂತು. ಅದನ್ನು ಮನೆಯಲ್ಲಿ ಹೇಳಲಿಲ್ಲ.

ನನ್ನ ಪಕ್ಕದ ಮೇಜು ರತ್ನಮ್ಮನದು. ಶುಲ್ಕದ ವಿಭಾಗ ಅವಳ ಕೈಯಲ್ಲಿತ್ತು. ದಿನಾ ಇಲವಾಲದಿಂದ ಬಸ್ಸಿನಲ್ಲಿ ಬರುತ್ತಾಳೆ. ನನಗಿಂತ ಸ್ವಲ್ಪ ಚಿಕ್ಕವಳು, ಬಾಯಿ ತುಂಬ ‘ಗಿರಿಜಕ್ಕ’ ಎನ್ನುತ್ತಾಳೆ. ಮಧ್ಯಾಹ್ನ ಇಬ್ಬರ ಡಬ್ಬಿಯೂ ಒಂದೇ ಮೇಜಿನ ಮೇಲೆ ತೆರೆಯುತ್ತದೆ. ಅವಳ ಮುದ್ದೆಯಲ್ಲಿ ಅರ್ಧ ನನಗೆ, ನನ್ನ ಚಪಾತಿಯಲ್ಲಿ ಅರ್ಧ ಅವಳಿಗೆ. ಈ ರತ್ನಮ್ಮ ಪ್ರತಿ ಬೇಸಿಗೆಯಲ್ಲೂ ತಪ್ಪದೆ ಮಾಡುವ ಕೆಲಸವೊಂದಿದೆ. ಮೆಣಸಿನಕಾಯಿಯನ್ನು ತಾರಸಿಯ ಮೇಲೆ ಗಲಗಲ ಎನ್ನುವಂತೆ ಒಣಗಿಸಿ, ದನಿಯಾ, ಜೀರಿಗೆ, ಮೆಣಸು, ಮೆಂತ್ಯ ಒಂದೊಂದನ್ನೂ ಬೇರೆಬೇರೆಯಾಗಿ ಹುರಿದು, ವರ್ಷಕ್ಕಾಗುವಷ್ಟು ಸಾರಿನ ಪುಡಿ ಮಾಡಿಸಲು ಮಿಲ್ಲಿಗೆ ಹೊತ್ತುಕೊಂಡು ಹೋಗುತ್ತಾಳೆ. ಅಲ್ಲಿಯೂ ಸುಮ್ಮನೆ ಕೊಟ್ಟು ಬರುವವಳಲ್ಲ. ತನಗಿಂತ ಮುಂಚೆ ಆ ಯಂತ್ರದಲ್ಲಿ ಯಾರು ಏನು ಬೀಸಿಸಿದರು ಎಂದು ವಿಚಾರಿಸುತ್ತಾಳೆ. ಯಾರಾದರೂ ಸೀಗೆಕಾಯಿ ಬೀಸಿಸಿದ್ದರೆ, ಇನ್ನಿಬ್ಬರ ಖಾರ ಬೀಸಿ ಯಂತ್ರ ಶುದ್ಧವಾಗುವವರೆಗೆ ಸೀನುತ್ತ ಕಾದು ಕೂರುತ್ತಾಳೆ. ಆ ಪುಡಿಯಲ್ಲಿ ನಮ್ಮ ಕಚೇರಿಯ ಪ್ರತಿಯೊಬ್ಬರಿಗೂ ಒಂದು ಬಾಟಲಿ. ಪ್ರಿನ್ಸಿಪಾಲರಿಗೂ ಅಷ್ಟೇ, ಗೇಟಿನವರಿಗೂ ಅಷ್ಟೇ. ಹಿಂದೆ ನನಗೆ ಪಿತ್ತಕೋಶದ ಕಲ್ಲು ತೆಗೆದಾಗ, ಆಸ್ಪತ್ರೆಗೆ ದಿನಾ ಬಿಸಿ ಸಾರು ಅನ್ನ ತಂದು, ಆರಿಸಿ, ಚಮಚದಲ್ಲಿ ತಿನ್ನಿಸಿದವಳೂ ಇವಳೇ. ನನಗೆ ಸ್ವಂತ ತಂಗಿಯಿಲ್ಲ. ಇದ್ದಿದ್ದರೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

ಹಾಗಾದರೆ ಇಂಥವಳ ಮೇಲೆ ನನಗೇನು ಸಿಟ್ಟು? ಅದಕ್ಕೆ ಕಾರಣ ನಮ್ಮ ಯಜಮಾನರ ಒಂದು ಮಾತು. ನಾನು ಮದುವೆಯಾಗಿ ಬಂದಾಗಿನಿಂದ ಅವರಿಗೆ ಸಾರು ಮಾಡಿ ಹಾಕುತ್ತಿದ್ದೇನೆ. ಅವರು ಅದನ್ನು ಸರ್ಕಾರಿ ನೌಕರರು ಸುತ್ತೋಲೆ ಓದುವಂತೆ, ಒಳ್ಳೆಯದು ಕೆಟ್ಟದ್ದು ಎನ್ನದೆ ಉಣ್ಣುತ್ತಿದ್ದರು. ಒಂದು ಭಾನುವಾರ ನನ್ನ ಪುಡಿ ಮುಗಿದಿತ್ತು, ಪ್ರತಿ ವರ್ಷ ಕಪಾಟಿನ ಮೂಲೆ ಸೇರುತ್ತಿದ್ದ ರತ್ನಮ್ಮನ ಪುಡಿ ಹಾಕಿ ಸಾರು ಮಾಡಿದೆ. ಊಟಕ್ಕೆ ಕೂತವರು ಎರಡನೆಯ ಸಲ ಹಾಕಿಸಿಕೊಂಡು, ಬಟ್ಟಲು ಎತ್ತಿ ಕುಡಿದು, ‘ಏನೇ ಇದು, ಇವತ್ತು ಸಾರು ಸಾರಿನ ಥರ ಇದೆಯಲ್ಲ’ ಎಂದರು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಸಂಜೆ ಸರಸ್ವತಿಪುರಂನಿಂದ ನನ್ನ ನಾದಿನಿ ಬಂದಳು, ಉಳಿದದ್ದನ್ನು ಬಿಸಿ ಮಾಡಿಸಿಕೊಂಡು ಉಂಡಳು, ಬಾಟಲಿಯನ್ನೇ ಕೇಳಿ ಪಡೆದುಕೊಂಡು ಹೋದಳು. ಹೋಗುವಾಗ, ಅತ್ತಿಗೆ ಇಷ್ಟು ವರ್ಷ ಇದನ್ನು ಎಲ್ಲಿ ಮುಚ್ಚಿಟ್ಟಿದ್ದರು ಎಂದು ತನ್ನಣ್ಣನನ್ನು ಕೇಳಿದಳು.

ಮಾರನೆಯ ಬೆಳಿಗ್ಗೆ ಕಚೇರಿಗೆ ಹೋಗಿ ಕಂಪ್ಯೂಟರ್ ಹಚ್ಚಿದರೆ, ಅದೃಷ್ಟ ನೋಡಿ, ಪಾಸ್‌ವರ್ಡಿನ ಅವಧಿ ಮುಗಿದಿತ್ತು. ದೇವರುಗಳು ಖಾಲಿ, ಮಕ್ಕಳು ಖಾಲಿ. ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ‘ರತ್ನಮ್ಮನ ಪುಡಿ ಕಹಿ’ ಎಂದು ಒತ್ತಿದವು. ಕೊನೆಗೆ ಒಂದು ಅಂಕಿ, ಒಂದು ಚಿಹ್ನೆ. ಪರದೆಯ ಮೇಲೆ ಬರೀ ಕಪ್ಪು ಚುಕ್ಕಿಗಳು ಕಂಡವು. ಕೆಳಗಿನ ಕೆಂಪು ಪಟ್ಟಿ ಹಸಿರಾಗಿ, ‘ಬಹಳ ಬಲವಾಗಿದೆ’ ಎಂದು ಕಂಪ್ಯೂಟರು ನನ್ನನ್ನು ಹೊಗಳಿತು. ಆ ಎರಡು ದಿನಗಳಲ್ಲಿ ನನಗೆ ಸಿಕ್ಕ ಒಂದೇ ಹೊಗಳಿಕೆ ಅದು, ನಾನು ಉಬ್ಬಿಹೋದೆ. ಅಂದಿನಿಂದ ದಿನಾ ಬೆಳಿಗ್ಗೆ ಪಕ್ಕದಲ್ಲಿ ಕೂತ ರತ್ನಮ್ಮನಿಗೆ ‘ತಿಂಡಿ ಆಯ್ತಾ’ ಎಂದು ಕೇಳುತ್ತ, ಕೈಯಲ್ಲಿ ಅವಳ ಪುಡಿ ಕಹಿ ಎಂದು ಒತ್ತಿ, ಮನಸ್ಸು ಹಗುರ ಮಾಡಿಕೊಂಡು ಕೆಲಸ ಶುರು ಮಾಡುತ್ತಿದ್ದೆ. ಅವಧಿ ಮುಗಿದಾಗಲೆಲ್ಲ ಕೊನೆಯ ಅಂಕಿಯನ್ನು ಒಂದು ಏರಿಸಿದರೆ ಆಯಿತು. ನನ್ನ ಹೊಟ್ಟೆಕಿಚ್ಚಿಗೆ ಹೀಗೆ ಕಾಲಕಾಲಕ್ಕೆ ಬಡ್ತಿ ಸಿಗುತ್ತ ಹೋಯಿತು.

ಇಷ್ಟರಲ್ಲಿ ನಮ್ಮ ಕಾಲೇಜಿನ ಕಂಪ್ಯೂಟರು ನೋಡಿಕೊಳ್ಳುತ್ತಿದ್ದವರು ಬೇರೆ ಕೆಲಸ ಸಿಕ್ಕಿ ಹೊರಟುಹೋದರು. ರತ್ನಮ್ಮ ಹಿಂದೆ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದವಳು. ಆಡಳಿತ ಮಂಡಳಿಯವರು ಅವಳನ್ನೇ ಒಂದು ತರಬೇತಿಗೆ ಕಳಿಸಿ, ವಾಪಸು ಬಂದ ಕೂಡಲೇ ಇಡೀ ಕಚೇರಿಯ ಲಾಗಿನ್ ವ್ಯವಹಾರವನ್ನು ಅವಳ ಕೈಗೆ ಕೊಟ್ಟರು. ಎಲ್ಲರೂ ಅವಳಿಗೆ ಅಭಿನಂದನೆ ಹೇಳಿದರು, ನಾನೂ ಹೇಳಿದೆ. ಹೇಳುತ್ತಿರುವಾಗಲೇ ನಾನು ದಿನಾ ಒತ್ತುವ ಬೈಗುಳ ನೆನಪಾಯಿತು. ಮನೆಗೆ ಹೋಗಿ, ಯಾರದೋ ಮಾತು ಎಂಬಂತೆ, ಲಾಗಿನ್ ನೋಡಿಕೊಳ್ಳುವವರಿಗೆ ಎಲ್ಲರ ಪಾಸ್‌ವರ್ಡೂ ಕಾಣುತ್ತದೆಯೇ ಎಂದು ಯಜಮಾನರನ್ನು ಕೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತದೆ, ‘ಕಾಣದೆ ಏನು? ಸಾರ್ಟಿಂಗ್ ಮಾಡೋನಿಗೆ ಪೋಸ್ಟ್ ಕಾರ್ಡು ಕಾಣ್ತಿರಲಿಲ್ವಾ, ಹಂಗೇ’ ಎಂದರು. ಅಂಚೆಯವರು ಕಾರ್ಡು ಓದುತ್ತಿದ್ದರು ಎಂಬ ವಿಷಯವೂ ನನಗೆ ಅವತ್ತೇ ತಿಳಿದದ್ದು. ನಾನು ಹೆರಿಗೆಗೆ ತವರಿಗೆ ಹೋದಾಗ ಬರೆದ ಕಾರ್ಡುಗಳನ್ನು ನೆನೆದು ಇನ್ನೊಂದು ಸಲ ನಾಚಿಕೆಯಾಯಿತು.

ಮರುದಿನ ಎಲ್ಲರಿಗಿಂತ ಮುಂಚೆ ಹೋಗಿ ಪಾಸ್‌ವರ್ಡ್ ಬದಲಾಯಿಸಲು ಕೂತೆ. ಗಾಬರಿಯಲ್ಲಿ ಹೊಸದೇನೂ ಹೊಳೆಯದೆ, ಹಿಂದೆ ಬಳಸಿದ್ದ ನಂಜುಂಡೇಶ್ವರನನ್ನೇ ಹಾಕಿದೆ. ‘ಇದನ್ನು ನೀವು ಈಗಾಗಲೇ ಬಳಸಿದ್ದೀರಿ, ಬೇರೆ ಕೊಡಿ’ ಎಂದಿತು. ಯಾವುದೋ ಕಾಲದ ನಂಜುಂಡೇಶ್ವರನನ್ನು ಇದು ನೆನಪಿಟ್ಟುಕೊಂಡಿದೆ ಎಂದರೆ, ಮೊನ್ನೆಮೊನ್ನೆಯವರೆಗೆ ಬೈದದ್ದನ್ನು ಮರೆಯುತ್ತದೆಯೇ? ಒಂದರ ಹಿಂದೆ ಒಂದರಂತೆ ಏರುವ ಅಂಕಿಗಳ ಸಮೇತ ನನ್ನ ಕಹಿಯೆಲ್ಲ ಒಳಗೆ ಸಾಲಾಗಿ ಕೂತಿದೆ, ರತ್ನಮ್ಮ ಒಂದು ಗುಂಡಿ ಒತ್ತಿದರೆ ಮೆರವಣಿಗೆ ಹೊರಡುತ್ತದೆ ಎಂದು ನನಗೆ ಖಾತ್ರಿಯಾಯಿತು. ಹೇಗೋ ಬೇರೊಂದು ಹೆಸರು ಹಾಕಿ ಎದ್ದೆ. ಆದರೆ ಅವಳ ಮುಖ ನೋಡುವುದು ಅಂದಿನಿಂದ ಕಷ್ಟವಾಯಿತು.

ಅದೇ ವಾರ ರತ್ನಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು, ಪಾಸ್‌ವರ್ಡನ್ನು ಹೇಗೆ ಕಾಪಾಡುತ್ತಾರೆ ಎಂದು ಪಾಠ ಮಾಡಿದಳು. ತರಬೇತಿಗೆ ಹೋದವರು ಬಂದು ಉಳಿದವರಿಗೆ ಹೇಳಬೇಕು ಎಂಬುದು ನಮ್ಮಲ್ಲಿ ನಿಯಮ. ಬೇರೆಯವರು ಅದನ್ನು ಟೀ ಬಿಸ್ಕತ್ತಿನಲ್ಲಿ ಮುಗಿಸುತ್ತಾರೆ, ಇವಳು ನಿಜಕ್ಕೂ ಹೇಳಿದಳು. ಎಲ್ಲರಿಗೂ ಗೊತ್ತಿರುವ ಉದಾಹರಣೆ ಬೇಕಲ್ಲ, ‘ನಾನು ನಿಮ್ಗೆಲ್ಲ ಸಾರಿನ್ ಪುಡಿ ಕೊಡ್ತೀನಲ್ಲ, ಅದ್ನೇ ತಗೊಳಿ’ ಎಂದು ಶುರು ಮಾಡಿ, ನನ್ನ ಕಡೆ ತಿರುಗಿ ನಕ್ಕು, ‘ಗಿರಿಜಕ್ಕಂಗೆ ನನ್ ಪುಡಿ ವಿಚಾರ ಚೆನ್ನಾಗ್ ಗೊತ್ತು’ ಎಂದಳು. ಆಮೇಲೆ ಅವಳು ಹೇಳಿದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಅವಳ ಬಾಯಿ ಆಡುತ್ತಿತ್ತು, ಸುತ್ತಲಿದ್ದವರು ತಲೆದೂಗುತ್ತಿದ್ದರು, ನಡುನಡುವೆ ‘ಪುಡಿ’ ಎಂಬ ಶಬ್ದ ಮಾತ್ರ ಬಂದು ನನಗೆ ತಗಲುತ್ತಿತ್ತು. ಇವಳಿಗೆ ಗೊತ್ತಾಗಿದೆ, ಜಗಳವಾಡುವ ಸ್ವಭಾವ ಇವಳದಲ್ಲ, ಅದಕ್ಕೇ ಹೀಗೆ ನಾಲ್ಕು ಜನರ ಮುಂದೆ ಸೂಕ್ಷ್ಮವಾಗಿ ಮುಟ್ಟಿಸುತ್ತಿದ್ದಾಳೆ ಎಂದುಕೊಂಡೆ. ನನ್ನ ಭಯವನ್ನು ಬೇರುಸಹಿತ ಕಿತ್ತುಹಾಕಬಹುದಾಗಿದ್ದ ಪಾಠ ಕಣ್ಣೆದುರಿಗೇ ನಡೆಯುತ್ತಿದ್ದರೆ, ನಾನು ನೆಲದ ಮೇಲಿನ ಟೈಲ್ಸು ನೋಡುತ್ತ ಕೂತಿದ್ದೆ.

ಸ್ವಲ್ಪ ದಿನಕ್ಕೆ ಆ ವರ್ಷದ ಪುಡಿ ಬಂತು. ಎಲ್ಲರ ಮೇಜಿಗೂ ಒಂದೊಂದು ಬಾಟಲಿ ಹೋಯಿತು. ನನ್ನ ಮೇಜಿಗೆ ಬರಲಿಲ್ಲ. ಮರೆತಿರಬಹುದೆಂದು ಒಂದೆರಡು ದಿನ ಕಾದೆ, ಬರಲಿಲ್ಲ. ಇನ್ನು ಅನುಮಾನವೇನು ಉಳಿಯಿತು? ಮಧ್ಯಾಹ್ನ ಅವಳು ಎಂದಿನಂತೆ ಮುದ್ದೆ ಮುರಿದು ನನ್ನ ಡಬ್ಬಿಗೆ ಇಟ್ಟರೆ, ನಾನು ತಲೆಯೆತ್ತದೆ ತಿನ್ನುತ್ತಿದ್ದೆ. ಇವಳು ನನ್ನನ್ನು ಕೈಬಿಟ್ಟರೆ ಆ ಕಚೇರಿಯಲ್ಲಿ ನನಗೆ ಇನ್ಯಾರಿದ್ದಾರೆ ಎಂದು ಯೋಚಿಸಿದರೆ ಕಣ್ಣು ತುಂಬುತ್ತಿತ್ತು. ಬೈಯುವಾಗ ಇದು ಹೊಳೆದಿರಲಿಲ್ಲ ನೋಡಿ. ಕೊನೆಗೆ ಒಂದು ಮಧ್ಯಾಹ್ನ, ಉಳಿದವರೆಲ್ಲ ಕ್ಯಾಂಟೀನಿಗೆ ಹೋಗಿದ್ದಾಗ, ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಹೇಳಿಬಿಟ್ಟೆ.

‘ರತ್ನ, ಆ ಪಾಸ್‌ವರ್ಡು ಏನೋ ಸಿಟ್ಟಲ್ಲಿ ಇಟ್ಬುಟ್ಟೆ. ನಿನ್ನ ಪುಡಿ ಕಹಿ ಅಂತ ನಾನು ಹಂಗೆ ಹಾಕ್ಬಾರ್ದಿತ್ತು. ಮನಸ್ಸಲ್ಲಿ ಇಟ್ಕೋಬೇಡ.’

ಅವಳು ಕೈಯಲ್ಲಿದ್ದ ಚಮಚವನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ಯಾವ ಪಾಸ್‌ವರ್ಡು ಎಂದು ಕೇಳಿದಳು. ಅದೇ, ನೀನು ಕಂಪ್ಯೂಟರಿನಲ್ಲಿ ನೋಡಿದ್ದು ಎಂದೆ.

‘ನಾನೆಲ್ಲಿ ನೋಡ್ಲಿ ಅಕ್ಕ? ಅದು ನಂಗೆ ಕಾಣ್ಸಲ್ಲ. ಯಾರ್ಗೂ ಕಾಣ್ಸಲ್ಲ. ಅವತ್ತು ಅಷ್ಟೊತ್ತು ಅದ್ನೇ ತಾನೆ ಹೇಳಿದ್ದು ನಾನು.’

ಕುರ್ಚಿ ಸಮೇತ ನೆಲದೊಳಗೆ ಇಳಿಯುವ ಸೌಕರ್ಯವನ್ನು ನಮ್ಮ ಕಚೇರಿಯಲ್ಲಿ ಇನ್ನೂ ಮಾಡಿಲ್ಲ. ಅವಳೋ, ಸಿಟ್ಟಾಗಲಿಲ್ಲ, ಅಳಲಿಲ್ಲ. ಪಾಠ ಅರ್ಥವಾಗದ ವಿದ್ಯಾರ್ಥಿಗೆ ಮತ್ತೆ ಹೇಳಿಕೊಡುವವರಂತೆ ಮೊದಲಿನಿಂದ ಹೇಳಿದಳು, ಮುಖ ಮಾತ್ರ ಡಬ್ಬಿಯ ಕಡೆಗಿತ್ತು. ನಾವು ಒತ್ತಿದ ಪಾಸ್‌ವರ್ಡನ್ನು ಸರ್ವರ್ ಎಂಬ ದೊಡ್ಡ ಯಂತ್ರ ಹಾಗೇ ಇಟ್ಟುಕೊಳ್ಳುವುದಿಲ್ಲವಂತೆ. ಅದನ್ನು ಬೀಸಿ ಪುಡಿ ಮಾಡಿ, ಪುಡಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಪುಡಿಯಿಂದ ದನಿಯಾ ಕಾಳನ್ನು ಯಾರೂ ವಾಪಸು ತೆಗೆಯಲಾರರು, ಬೀಸಿದ ಯಂತ್ರವೂ ತೆಗೆಯಲಾರದು. ಮಾರನೆಯ ದಿನ ನಾವು ಮತ್ತೆ ಪಾಸ್‌ವರ್ಡ್ ಹಾಕಿದಾಗ ಅದನ್ನೂ ಹಾಗೇ ಬೀಸಿ, ಎರಡು ಪುಡಿಯೂ ಒಂದೇ ಆದರೆ ಒಳಗೆ ಬಿಡುತ್ತದೆ. ಅದೂ ಒಬ್ಬೊಬ್ಬರ ಪುಡಿಗೆ ಬೇರೆಬೇರೆ ಒಂದು ಚಿಟಿಕೆ ಏನೋ ಸೇರಿಸುತ್ತಾರೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟಿದ್ದರೂ ಪುಡಿ ನೋಡಿದರೆ ಗೊತ್ತಾಗುವುದಿಲ್ಲ. ನನ್ನ ಹಳೆಯ ನಂಜುಂಡೇಶ್ವರನೂ ಒಳಗಿದ್ದುದು ಪುಡಿಯಾಗಿಯೇ.

ಸರಿ, ನನ್ನ ಮೇಜಿನಿಂದ ಅಲ್ಲಿಯವರೆಗೆ ತಂತಿಯಲ್ಲಿ ಹೋಗುವಾಗ ಯಾರಾದರೂ ಇಣುಕಿದರೆ ಎಂದು ಕೇಳಿದೆ. ಅದನ್ನು ತಿಳಿದುಕೊಳ್ಳುವ ಆಸೆಯೇನೂ ಇರಲಿಲ್ಲ, ಅವಳು ಮಾತು ನಿಲ್ಲಿಸಿದರೆ ಮುಂದೇನಾಗುತ್ತದೋ ಎಂಬ ಹೆದರಿಕೆಯಿತ್ತು. ಅದಕ್ಕೂ ಉಪಾಯವಿದೆಯಂತೆ. ದಾರಿಯುದ್ದಕ್ಕೂ ಎಲ್ಲವೂ ಬೀಗ ಹಾಕಿದ ಡಬ್ಬಿಯಲ್ಲೇ ಹೋಗುತ್ತದೆ. ಕೆಲವು ಕಡೆ ಇನ್ನೂ ಜಾಣತನ: ಪಾಸ್‌ವರ್ಡು ನಮ್ಮ ಮೇಜು ಬಿಟ್ಟು ಹೊರಡುವುದೇ ಇಲ್ಲ. ಸರ್ವರು ಪ್ರತಿ ಸಲ ಹೊಸದಾಗಿ ಒಂದು ಚಿಟಿಕೆ ಕಳಿಸುತ್ತದೆ, ಇವತ್ತು ಇಂಗು ಅಂದುಕೊಳ್ಳಿ, ನಾಳೆ ಕರಿಬೇವು. ನಮ್ಮ ಕಂಪ್ಯೂಟರು ಅದನ್ನು ನಮ್ಮದರ ಜೊತೆ ಸೇರಿಸಿ ಬೀಸಿ, ಆ ಪುಡಿಯನ್ನಷ್ಟೇ ವಾಪಸು ಕಳಿಸುತ್ತದೆ. ಇವತ್ತಿನ ಪುಡಿಯನ್ನು ಕಳ್ಳ ಹೊಡೆದುಕೊಂಡು ಹೋದರೂ ನಾಳೆ ಅದು ಉಪಯೋಗಕ್ಕೆ ಬರುವುದಿಲ್ಲ. ಒಬ್ಬ ಗುಮಾಸ್ತೆಯ ಬೈಗುಳವನ್ನು ಕಾಪಾಡಲು ಲೋಕದ ಬುದ್ಧಿವಂತರೆಲ್ಲ ಸೇರಿ ಇಷ್ಟು ಕಷ್ಟಪಟ್ಟಿದ್ದರು. ಕಳ್ಳರು ಬರಲಿಲ್ಲ, ಯಾರೂ ಇಣುಕಲಿಲ್ಲ. ನಾನೇ ಅದನ್ನು ಬಾಯಲ್ಲಿ ಹೊತ್ತುಕೊಂಡು ಬಂದು, ಯಾರಿಗೆ ತಲುಪಬಾರದಿತ್ತೋ ಅವಳ ಊಟದ ಡಬ್ಬಿಯ ಮುಂದೆ ಇಳಿಸಿದ್ದೆ.

ಎಲ್ಲ ಹೇಳಿ ಮುಗಿಸಿದ ಮೇಲೆ ಅವಳು ಡಬ್ಬಿಯ ಮುಚ್ಚಳ ತೆಗೆದಳು. ಆಮೇಲೆ, ಈ ಸಲ ನನಗೆ ಯಾಕೆ ಪುಡಿ ಕೊಟ್ಟಿರಲಿಲ್ಲ ಎಂದು ನಾನು ಕೇಳದೆಯೇ ಹೇಳಿದಳು. ನನ್ನ ಹೊಟ್ಟೆಗೆ ಖಾರ ಒಗ್ಗುವುದಿಲ್ಲ ಎಂದು ನನಗೋಸ್ಕರ ಮೆಣಸಿನಕಾಯಿ ಕಡಿಮೆ ಹಾಕಿ ಬೇರೆ ಮಾಡಿಸಬೇಕೆಂದಿದ್ದಳಂತೆ. ಮಿಲ್ಲು ರಿಪೇರಿಗೆ ಬಂದು ತಡವಾಯಿತಂತೆ. ಅವಳು ದನಿ ತಗ್ಗಿಸಿ ಕೇಳಿದಳು.

‘ಮೆಂತ್ಯ ಜಾಸ್ತಿ ಆಗಿತ್ತಾ ಅಕ್ಕ? ನಮ್ಮವ್ವನ ಅಳತೆ ಅದು. ಇಷ್ಟು ದಿನ ಯಾರೂ ಹೇಳಿರ್ಲಿಲ್ಲ.’

ಆಗ ಹೇಳಬೇಕಾಗಿತ್ತು. ಇಲ್ಲ ರತ್ನ, ಕಹಿ ಇರಲಿಲ್ಲ, ಒಂದು ದಿನವೂ ಇರಲಿಲ್ಲ, ನಮ್ಮವರು ನಿನ್ನ ಸಾರನ್ನು ಹೊಗಳಿದ್ದಕ್ಕೆ ನನಗೆ ಹೊಟ್ಟೆ ಉರಿಯಿತು ಎನ್ನಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಈ ವಯಸ್ಸಿನಲ್ಲಿ, ಅದೂ ನನಗೆ ಅನ್ನ ತಿನ್ನಿಸಿದವಳ ಮುಂದೆ, ನಾನು ಹೊಟ್ಟೆಕಿಚ್ಚಿನವಳು ಎಂದು ಒಪ್ಪಿಕೊಳ್ಳುವುದಕ್ಕಿಂತ ಅವಳ ಪುಡಿ ಕಹಿ ಎಂದು ಒಪ್ಪಿಕೊಳ್ಳುವುದು ಸುಲಭವಾಗಿ ಕಂಡಿತು. ನಾನು ಹೂಂ ಎಂದು ತಲೆಯಾಡಿಸಿದೆ. ಸ್ವಲ್ಪವೇ ಸ್ವಲ್ಪ ಜಾಸ್ತಿ ಎಂದೂ ಸೇರಿಸಿದೆ. ಅವಳು ಆಗಲಿ ಎಂದು, ಮುದ್ದೆ ಮುರಿದು ಅರ್ಧ ನನ್ನ ಡಬ್ಬಿಗೆ ಇಟ್ಟಳು.

ಮುಂದಿನ ವಾರ ನನಗೆ ಬಾಟಲಿ ಬಂತು. ಖಾರ ಕಡಿಮೆ, ಮೆಂತ್ಯ ಒಂದು ಕಾಳೂ ಇಲ್ಲ. ನನಗೊಬ್ಬಳಿಗೇ ಬೇರೆ ಹುರಿದು ಬೇರೆ ಬೀಸಿಸಿದ್ದಾಳೆ. ಅದರಲ್ಲಿ ಮಾಡಿದ ಸಾರನ್ನು ಯಜಮಾನರು ಒಂದು ತುತ್ತು ಉಂಡು, ‘ಮತ್ತೆ ನಿನ್ನ ಪುಡಿಗೇ ಬಂದ್ಯಾ’ ಎಂದರು. ನಾದಿನಿ ಬಾಟಲಿಯ ಮೂತಿಗೆ ಮೂಗು ಹಿಡಿದು ನೋಡಿ ಅಲ್ಲೇ ಇಟ್ಟು ಹೋದಳು. ಕಚೇರಿಯಲ್ಲಿ ಉಳಿದವರು ಎಂದಿನ ಪುಡಿಯ ಸಾರು ತಂದು ಚಪ್ಪರಿಸಿಕೊಂಡು ಉಣ್ಣುವಾಗ, ರತ್ನಮ್ಮ ನನ್ನ ಕಡೆ ತಿರುಗಿ, ಈಗ ಸರಿಯಿದೆಯಾ ಅಕ್ಕ ಎಂದು ಕೇಳುತ್ತಾಳೆ. ಬಹಳ ಚೆನ್ನಾಗಿದೆ ಎನ್ನುತ್ತೇನೆ. ಅವಳ ಮುಖ ಅರಳುತ್ತದೆ. ನನಗೆ ಆ ಮುಖವನ್ನು ನೋಡಲಾಗುವುದಿಲ್ಲ.

ಮೊನ್ನೆ ಮತ್ತೆ ಪಾಸ್‌ವರ್ಡಿನ ಅವಧಿ ಮುಗಿಯಿತು. ಅವತ್ತು ಅವಳಿಗೆ ಹೇಳಲಾರದೆ ನುಂಗಿಕೊಂಡ ಮಾತನ್ನೇ, ಒಂದು ಅಕ್ಷರ ದೊಡ್ಡದು ಮಾಡಿ, ಕೊನೆಗೆ ಅಂಕಿ ಚಿಹ್ನೆ ಸೇರಿಸಿ ಹಾಕಿದ್ದೇನೆ. ಪಕ್ಕದಲ್ಲೇ ಅವಳು ಕೂತಿರುವಾಗ ದಿನಾ ಬೆಳಿಗ್ಗೆ ತಪ್ಪದೆ ಒತ್ತುತ್ತೇನೆ. ಆ ಮಾತು ಅವಳಿಗೆ ಎಂದೆಂದಿಗೂ ತಲುಪುವುದಿಲ್ಲ ಎಂದು ರತ್ನಮ್ಮನೇ ನನಗೆ ಭರವಸೆ ಕೊಟ್ಟಿದ್ದಾಳೆ.